ಸೂರ್ಯನಿಗೆ ಬೆನ್ನು ಹಾಕಿ ನಿಲ್ಲಿ

ಉಡುಪಿ ಜಿಲ್ಲೆಯ ಮರವಂತೆ ಕಡಲ ದಂಡೆಗೆ ಬೆಳಗಿನ ಜಾವ ಕ್ಯಾಮೆರಾ ಹಿಡಿದು ಬರುವವರು ನನ್ನನ್ನು ಮೊದಲು ಕೇಳುವುದು ಒಂದೇ: 'ಸರ್, ಸೂರ್ಯ ಎಲ್ಲಿಂದ ಹುಟ್ತಾನೆ?' ನಮ್ಮದು ಪಡುಗಡಲು. ಪುರಿ, ಚೆನ್ನೈ ಕಡೆಯಂತೆ ಇಲ್ಲಿ ಸೂರ್ಯ ನೀರಿನಿಂದ ಏಳುವುದಿಲ್ಲ, ಬೆನ್ನ ಹಿಂದೆ ಘಟ್ಟದ ಮೇಲಿಂದ ಬರುತ್ತಾನೆ. ಹಾಗೆಂದ ಕೂಡಲೇ ಎಷ್ಟೋ ಜನ 'ಹಾಗಾದ್ರೆ ಸಂಜೆ ಬರ್ತೇವೆ' ಎಂದು ರೂಮಿಗೆ ವಾಪಸ್ ಹೋಗುತ್ತಾರೆ. ನನಗೆ ಬೇಜಾರಾಗುವುದು ಅದಕ್ಕೇ.

ಸೂರ್ಯ ಹುಟ್ಟುವುದಕ್ಕೆ 20 ನಿಮಿಷ ಮೊದಲು ಪಡುವಣ ಅಂಚು ನೋಡಿ. ನೀರಿಗೆ ತಾಗಿಕೊಂಡೇ ಬೂದುನೀಲಿ ಪಟ್ಟಿಯೊಂದು ಕಾಣುತ್ತದೆ. ಅದು ಮೋಡವಲ್ಲ, ಭೂಮಿಯದೇ ನೆರಳು. ಅದರ ಮೇಲಿನ ನಸುಗೆಂಪು ಪಟ್ಟಿಗೆ ಬೆಲ್ಟ್ ಆಫ್ ವೀನಸ್ ಎನ್ನುತ್ತಾರೆ. ಬೆಳಕು ಹೆಚ್ಚಿದಂತೆ ನೆರಳು ಇಳಿಯುತ್ತಾ ಕಡಲಿನಲ್ಲಿ ಮುಳುಗುತ್ತದೆ. ತೆರೆ ಸರಿದ ಒದ್ದೆ ಹೊಯಿಗೆಯೂ (ಮರಳೂ) ಆಗ ಗುಲಾಬಿಯಾಗಿರುತ್ತದೆ. ಮಳೆಗಾಲ ಮುಗಿದು ಬಾನು ತಿಳಿಯಾದ ಮೇಲೆ, ನವೆಂಬರಿನಿಂದ ಫೆಬ್ರವರಿವರೆಗೆ, ಇದು ಚೆನ್ನಾಗಿ ಕಾಣುತ್ತದೆ.

ಈ ಬೆಳಕಿನಲ್ಲಿ ಬಾನಿಗೂ ನೀರಿಗೂ ಹೊಳಪಿನ ವ್ಯತ್ಯಾಸ ಕಡಿಮೆ. ಬಾನಿನ ಹೊಳಪು ತಗ್ಗಿಸುವ ಫಿಲ್ಟರ್‌ಗೆ ಜಾಸ್ತಿ ದುಡ್ಡು ಹಾಕಬೇಕಿಲ್ಲ. ಟ್ರೈಪಾಡ್, ಐಎಸ್‌ಒ (ಬೆಳಕಿನ ಸೂಕ್ಷ್ಮತೆ) 100, ಲೆನ್ಸಿನ ಕಿಂಡಿ ಎಫ್ 11, ಶಟರ್ ತೆರೆದಿರುವ ಸಮಯ ಅರ್ಧ ಸೆಕೆಂಡ್. ಇಲ್ಲಿಂದ ಶುರು ಮಾಡಿ. ತೆರೆ ಬರುವಾಗ ಅಲ್ಲ, ವಾಪಸ್ ಹೋಗುವಾಗ ಬಟನ್ ಒತ್ತಿ. ನೊರೆ ಎಳೆ ಎಳೆಯಾಗಿ ಕಡಲ ಕಡೆಗೆ ಹರಿಯುತ್ತದೆ. 30 ಸೆಕೆಂಡ್ ಕೊಟ್ಟರೆ ಎಲ್ಲ ಮಂಜಾಗಿಬಿಡುತ್ತದೆ. ಅದನ್ನು ಇಷ್ಟಪಡುವವರಿದ್ದಾರೆ, ನನಗಂತೂ ತೆರೆಯ ಗುರುತು ಉಳಿಯಬೇಕು. ಟ್ರೈಪಾಡಿನ ಕಾಲುಗಳನ್ನು ಮೊದಲೇ ಹೊಯಿಗೆಯೊಳಗೆ ಗಟ್ಟಿಯಾಗಿ ಒತ್ತಿಬಿಡಿ. ಸುಮ್ನೆ ಮೇಲಿಟ್ಟರೆ ಒಂದೊಂದು ತೆರೆಗೂ ಅಡಿಯ ಹೊಯಿಗೆ ಜಾರಿ ಕ್ಯಾಮೆರಾ ವಾಲುತ್ತದೆ.

ಇನ್ನೊಂದು ಮಾತು, ಎಸಿ ರೂಮಿನಿಂದ ನೇರ ದಂಡೆಗೆ ಬರಬೇಡಿ. ತಣ್ಣಗಿನ ಲೆನ್ಸಿಗೆ ಕರಾವಳಿಯ ಗಾಳಿ ತಾಗಿದ್ದೇ ತಡ, ಬೆವರಿದ ಹಾಗೆ ಮಬ್ಬು ಕೂರುತ್ತದೆ. ಒರೆಸಿದರೆ ಮತ್ತೆ ಬರುತ್ತದೆ. ಒಳ್ಳೆಯ ಬೆಳಕೇ ಅದರಲ್ಲಿ ಕಳೆದುಹೋಗುತ್ತದೆ. ಅರ್ಧ ಗಂಟೆ ಮೊದಲೇ ಬ್ಯಾಗನ್ನು ಜಗಲಿಯಲ್ಲಿಟ್ಟಿರಿ.

ಬೆಳಗಿನ ಗಾಳಿಯ ವಿಷಯ ನನಗೆ ಹೇಳಿಕೊಟ್ಟವರು ಕೈರಂಪಣಿ, ಅಂದರೆ ದಂಡೆಯಿಂದಲೇ ಎಳೆಯುವ ದೊಡ್ಡ ಬಲೆ, ಎಳೆಯುತ್ತಿದ್ದ ಒಬ್ಬ ಹಿರಿಯರು. 'ಸ್ವಲ್ಪ ಆಚೆ ನಿಲ್ಲಿ ಮಾರಾಯ್ರೆ, ಬಲೆ ಬರ್ತಾ ಉಂಟು' ಎಂದು ಹಗ್ಗದ ದಾರಿಯಿಂದ ನನ್ನನ್ನು ಸರಿಸಿದರು. ಆಮೇಲೆ ತೆರೆ ತೋರಿಸಿ, 'ಗಾಳಿ ಈಗ ಗುಡ್ಡೆ ಕಡೆಯಿಂದ. ಹತ್ತು ಗಂಟೆ ಆಗ್ಲಿ, ಕಡಲು ಬೇರೆಯೇ ಆಗ್ತದೆ' ಎಂದರು. ರಾತ್ರಿ ನೆಲ ನೀರಿಗಿಂತ ಬೇಗ ತಣಿಯುವುದರಿಂದ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಲೆನ್ಸಿನ ಮೇಲೆ ಉಪ್ಪುನೀರಿನ ಹನಿ ಕಡಿಮೆ, ತೆರೆಯ ಮೈ ನಯ. ಹಗಲೇರಿದರೆ ಇದೆಲ್ಲ ತಿರುಗಿಬೀಳುತ್ತದೆ. ಅಂದಹಾಗೆ, ಬಲೆ ಎಳೆಯುವವರ ಫೋಟೋ ಬೇಕಿದ್ದರೆ ಕೇಳಿ ತೆಗೆಯಿರಿ. ಅವರು ಕೆಲಸದಲ್ಲಿರುತ್ತಾರೆ, ಅಲ್ವಾ?

ಸೂರ್ಯನೇ ಬೇಕೆಂದರೆ ಮರವಂತೆಯಲ್ಲಿ ಅದಕ್ಕೂ ದಾರಿಯಿದೆ. ಹೆದ್ದಾರಿ 66ನ್ನು ಜೋಪಾನವಾಗಿ ದಾಟಿದರೆ ಸೌಪರ್ಣಿಕಾ ಹೊಳೆ, ಆಚೆ ತೆಂಗಿನ ಸಾಲು, ದೂರದಲ್ಲಿ ಕೊಡಚಾದ್ರಿಯ ಬೆಟ್ಟಸಾಲು. ಮೊಬೈಲ್ ತೋರಿಸುವ ಸಮಯಕ್ಕಿಂತ ಕೆಲವು ನಿಮಿಷ ತಡವಾಗಿಯೇ ಸೂರ್ಯ ಬೆಟ್ಟ ದಾಟುತ್ತಾನೆ. ಹಾಗಾಗಿ ಮೊದಲು ಪಡುವಣದ ಕೆಲಸ ಮುಗಿಸಿ ಈಚೆ ಬರಲು ಸಮಯ ಸಿಗುತ್ತದೆ. ಇಲ್ಲಿ ಮಾತ್ರ ಬೆಳಕಿನ ವ್ಯತ್ಯಾಸ ಜಾಸ್ತಿ. ಎರಡೆರಡು ಸ್ಟಾಪ್ ಅಂತರದಲ್ಲಿ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ ಇಲ್ಲವೇ ಅರ್ಧ) ಮೂರು ಫೋಟೋ ತೆಗೆದುಕೊಂಡು ಆಮೇಲೆ ಕೂಡಿಸಿ.

ವರ್ಷದಲ್ಲಿ ಒಂದೇ ದಿನ ಬರಲಾಗುವುದಾದರೆ ಹುಣ್ಣಿಮೆಯ ಆಸುಪಾಸಿನ ಬೆಳಗು ಆರಿಸಿಕೊಳ್ಳಿ. ಬೆನ್ನ ಹಿಂದೆ ಸೂರ್ಯ ಏಳುವ ಹೊತ್ತಿಗೇ ಎದುರಿಗೆ ಚಂದ್ರ ಕಡಲಿಗಿಳಿಯುತ್ತಿರುತ್ತಾನೆ. ರಾತ್ರಿಯ ಚಂದ್ರ ನೆಲಕ್ಕಿಂತ ಎಷ್ಟೋ ಪಟ್ಟು ಹೊಳೆಯುವುದರಿಂದ ಎರಡೂ ಒಂದೇ ಫೋಟೋದಲ್ಲಿ ಕೂಡುವುದಿಲ್ಲ. ಈ ಹೊತ್ತಿನಲ್ಲಿ ಮಾತ್ರ ಚಂದ್ರನ ಹೊಳಪೂ ನೀರಿನ ಹೊಳಪೂ ಹತ್ತಿರ ಬರುತ್ತವೆ, ಅದೂ ಕೆಲವೇ ನಿಮಿಷ. ದೂರದ್ದನ್ನು ಹತ್ತಿರ ತೋರಿಸುವ 200 ಎಂಎಂ ಲೆನ್ಸ್ ಹಾಕಿ, ಗಂಗೊಳ್ಳಿ ಬಂದರಿಗೆ ಮರಳುವ ದೋಣಿಯೊಂದು ಚಂದ್ರನ ಕೆಳಗೆ ಬರುವವರೆಗೆ ಕಾಯಿರಿ.