ಕಲಬುರಗಿಯವರಿಗೂ ಬೆಂಗಳೂರಲ್ಲಿ ಸೆಕೆ ಆಗತ್ತೆ, ಯಾಕೆ?

ಹೋದ ಏಪ್ರಿಲ್‌ನಲ್ಲಿ ನಮ್ಮತ್ತೆ ಕಲಬುರಗಿಯಿಂದ ಬಂದಿದ್ರು. ಅಲ್ಲಿ ಆಗ್ಲೇ 42 ಡಿಗ್ರಿ ದಾಟಿತ್ತು, ಇಲ್ಲಿ 36, ಅದಕ್ಕೇ ಮಗಳ ಮನೇಲಿ ಒಂದು ತಿಂಗಳು ತಣ್ಣಗೆ ಇದ್ದು ಹೋಗ್ಲಿ ಅಂತ ನಾವೇ ಕರೆಸ್ಕೊಂಡಿದ್ದು. ಬಂದ ಎರಡನೇ ರಾತ್ರಿ ಹನ್ನೊಂದು ಗಂಟೆಗೆ ಎದ್ದು ಕೂತು, ಸೆರಗಲ್ಲಿ ಗಾಳಿ ಬೀಸ್ಕೊಳ್ತಾ ಮಗಳಿಗೆ ಹೇಳಿದ್ರು, "ಏನ್ ಶೆಕಿ ಅದಾ ಯವ್ವಾ ನಿಮ್ಮನ್ಯಾಗ, ಮಲಗ್ಲಾಕ ಆಗವಲ್ದು."

ನಂಗೆ ಮೊದಲು ಅರ್ಥನೇ ಆಗ್ಲಿಲ್ಲ. ಅರವತ್ತೈದು ವರ್ಷ ಕಲಬುರಗಿ ಬಿಸಿಲು ಕಂಡ ಹೆಂಗಸು, ಬೆಂಗಳೂರು ಸೆಕೆ ಅಂತಾರಲ್ಲ! ಆದ್ರೆ ಅತ್ತೆ ಸುಮ್‌ಸುಮ್ನೆ ಏನೂ ಹೇಳೋರಲ್ಲ, ಅದಕ್ಕೇ ಮಾರನೇ ದಿನ ಎಸ್‌ಪಿ ರೋಡಿಗೆ ಹೋಗಿ ಗೋಡೆಗೆ ನೇತುಹಾಕೋ ಎರಡು ಗಾಜಿನ ಥರ್ಮಾಮೀಟರ್ ತಂದೆ. ಒಂದನ್ನ ಹಾಗೇ ಇಟ್ಟೆ, ಇನ್ನೊಂದರ ತುದಿಗೆ ಹಳೇ ಪಂಚೆ ಚೂರು ಸುತ್ತಿ ನೀರಲ್ಲಿ ಒದ್ದೆ ಮಾಡಿ ಫ್ಯಾನ್ ಗಾಳಿಗೆ ಹಿಡಿದೆ. ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ಅಂದ್ರೆ ಬೆವರಿದ ಮೈ ಇದ್ದ ಹಾಗೆ, ನೀರು ಆರ್ತಾ ಆರ್ತಾ ಅದು ತಣ್ಣಗಾಗತ್ತೆ. ವಿಜ್ಞಾನಿಗಳು ಇದನ್ನೇ ವೆಟ್ ಬಲ್ಬ್ ಟೆಂಪರೇಚರ್ ಅಂತಾರೆ. ಮಧ್ಯಾಹ್ನ ಎರಡೂವರೆಗೆ ನಮ್ಮನೆ ಬಾಲ್ಕನಿ ನೆರಳಲ್ಲಿ ಒಣಗಿದ್ದು 36 ತೋರಿಸ್ತು, ಒದ್ದೆಯದ್ದು 21. ಹದಿನೈದು ಡಿಗ್ರಿ ವ್ಯತ್ಯಾಸ, ನಾನೇ ಎರಡು ಸಲ ಬಟ್ಟೆ ಬಿಚ್ಚಿ ಕಟ್ಟಿ ನೋಡಿದೆ.

ಈ ಹದಿನೈದು ಡಿಗ್ರಿಯಲ್ಲೇ ನಮ್ಮ ಜೀವ ಇದೆ. ಮನುಷ್ಯ ಸುಮ್ನೆ ಕೂತಿದ್ರೂ ಅವನ ಮೈ ಸುಮಾರು 100 ವ್ಯಾಟ್ ಶಾಖ ಹೊರಗೆ ಹಾಕ್ತಾನೇ ಇರತ್ತೆ, ಹಳೇ ಕಾಲದ ನೂರರ ಬಲ್ಬ್ ಉರಿತಾ ಇದ್ದ ಹಾಗೆ. ಮೈ ಒಳಗೆ 37 ಡಿಗ್ರಿ, ಚರ್ಮ ಸೆಕೆಗಾಲದಲ್ಲಿ ಹತ್ತಿರ ಹತ್ತಿರ 35. ಗಾಳಿ ಅದಕ್ಕಿಂತ ತಣ್ಣಗಿದ್ರೆ ಶಾಖ ತಾನಾಗೇ ಹೊರಗೆ ಹೋಗತ್ತೆ, ಗಾಳಿನೇ 36-40 ಆದಾಗ ಫ್ಯಾನ್ ಹಾಕಿದ್ರೂ ಬರೋದು ಬಿಸಿಗಾಳಿ, ಆಗ ಉಳಿಯೋ ದಾರಿ ಒಂದೇ, ಬೆವರು. ಅದೂ ಬೆವರೋದ್ರಿಂದ ಏನೂ ಆಗಲ್ಲ, ಬೆವರು ಆರಬೇಕು. ಒಂದು ಲೀಟರ್ ಬೆವರು ಪೂರ್ತಿ ಮೈಮೇಲೇ ಆರಿದ್ರೆ ಸುಮಾರು 580 ಕಿಲೋ ಕ್ಯಾಲೊರಿ ಶಾಖ ತಗೊಂಡು ಹೋಗತ್ತೆ, ಅಂದ್ರೆ ಏಳು ಲೀಟರ್ ಕೊಳಾಯಿ ನೀರನ್ನ ಕುದಿ ಬರೋವರೆಗೂ ಕಾಯಿಸೋಕೆ ಬೇಕಾದಷ್ಟು. ಮಡಕೆ ನೀರು ತಣ್ಣಗಾಗೋದೂ ಇದೇ ಲೆಕ್ಕ, ಮಡಕೆ ಬೆವರತ್ತೆ, ನಾವೂ ಬೆವರ್ತೀವಿ.

ಮೇ ಮೊದಲ ವಾರ ಅದೇ ಎರಡು ಥರ್ಮಾಮೀಟರ್ ತಗೊಂಡು ಮಂಗಳೂರಿಗೆ ಅಕ್ಕನ ಮನೆಗೆ ಹೋಗಿದ್ದೆ. ಅಲ್ಲಿ ಒಣಗಿದ್ದು 33, ಬೆಂಗಳೂರಿಗಿಂತ ಮೂರು ಡಿಗ್ರಿ ಕಮ್ಮಿನೇ. ಒದ್ದೆಯದ್ದು 28! ಅಕ್ಕ ಅಡುಗೆಮನೆಯಿಂದ ಬಂದವಳೇ ಫ್ಯಾನ್ ಕೆಳಗೆ ಕೂತು "ಎಂತ ಸೆಕೆ ಮಾರಾಯ" ಅಂದ್ಳು, ಮುಖದ ಮೇಲೆ ಬೆವರು ಹರೀತಿತ್ತು, ಒರೆಸಿದ್ರೆ ಮತ್ತೆ ಬರ್ತಿತ್ತು, ಆರ್ತಾನೇ ಇರ್ಲಿಲ್ಲ. ಅಲ್ಲಿನ ಗಾಳಿ ಸಮುದ್ರದ ನೀರಾವಿ ಹೊತ್ಕೊಂಡು ಬಂದಿರತ್ತೆ, ನಮ್ಮ ಬೆವರಿಗೆ ಅದರಲ್ಲಿ ಜಾಗ ಇಲ್ಲ. ಒದ್ದೆ ಥರ್ಮಾಮೀಟರ್ 35 ಮುಟ್ಟಿದ್ರೆ ಎಂಥ ಗಟ್ಟಿ ಮನುಷ್ಯನೂ ನೆರಳಲ್ಲಿ ಸುಮ್ನೆ ಕೂತು ಕೆಲವು ಗಂಟೆಗಿಂತ ಹೆಚ್ಚು ಬದುಕೋಕಾಗಲ್ಲ ಅಂತ 2010ರಲ್ಲಿ ಸ್ಟೀವನ್ ಶೆರ್‌ವುಡ್ ಮತ್ತೆ ಮ್ಯಾಥ್ಯೂ ಹ್ಯೂಬರ್ ಲೆಕ್ಕ ಹಾಕಿದ್ರು. ಆಮೇಲೆ 2022ರಲ್ಲಿ ಅಮೆರಿಕದ ಪೆನ್ ಸ್ಟೇಟ್ ಯೂನಿವರ್ಸಿಟಿಯವರು ಆರೋಗ್ಯವಾಗಿರೋ ಹುಡುಗ ಹುಡುಗೀರ ಕೈಲಿ ಹಗುರ ಕೆಲಸ ಮಾಡಿಸಿ ಪರೀಕ್ಷೆ ಮಾಡಿದಾಗ, ತೇವದ ಹವೆಯಲ್ಲಿ ಒದ್ದೆ ಥರ್ಮಾಮೀಟರ್ 31ರ ಹತ್ತಿರ ಇದ್ದಾಗ್ಲೇ ಮೈ ಒಳಗಿನ ಬಿಸಿ ಏರೋಕೆ ಶುರುವಾಯ್ತು. ಅದನ್ನ ಓದಿದ ಮೇಲೆ ಅಕ್ಕನ ಮನೆಯ 28 ನೆನೆಸ್ಕೊಂಡ್ರೆ ಸ್ವಲ್ಪ ಭಯ ಆಗತ್ತೆ.

ಫಿನ್‌ಲ್ಯಾಂಡ್‌ನವರ ಸೌನಾ ನೋಡಿ, ಮರದ ಕೋಣೆಯಲ್ಲಿ 80-90 ಡಿಗ್ರಿಯಲ್ಲಿ ಆರಾಮಾಗಿ ಕೂತಿರ್ತಾರೆ, ಒಣ ಬಿಸಿ, ಸ್ವಲ್ಪ ಹೊತ್ತು, ಅದಕ್ಕೇ ತಡ್ಕೊಳ್ತಾರೆ. ಆದ್ರೆ ಕಾದ ಕಲ್ಲಿನ ಮೇಲೆ ಒಂದು ಸೌಟು ನೀರು ಹಾಕಿದ ಕೂಡ್ಲೇ ಮೈಮೇಲೆ ಬೆಂಕಿ ಬಿದ್ದ ಹಾಗೆ ಆಗತ್ತೆ, ಕೋಣೆಯ ಥರ್ಮಾಮೀಟರ್ ಏರಿರಲ್ಲ, ಹಬೆ ಬಂದು ಚರ್ಮದ ಮೇಲೆ ನೀರಾಗ್ತಾ ತನ್ನ ಶಾಖನೆಲ್ಲ ಅಲ್ಲೇ ಬಿಡತ್ತೆ, ಬೆವರು ಆರೋದೂ ನಿಲ್ಲತ್ತೆ.

ಕನ್ನಡದಲ್ಲಿ ಇದಕ್ಕೆಲ್ಲ ಬೇರೆ ಬೇರೆ ಪದ ಇರೋದು ನಂಗೆ ಬಹಳ ಇಷ್ಟ. ಬೆವರು ಆರದೆ ಮೈಗೆ ಅಂಟೋದು ಸೆಕೆ. ಒಲೆ ಮುಂದೆ ನಿಂತಾಗ, ಮಧ್ಯಾಹ್ನ ಟಾರ್ ರೋಡ್ ದಾಟುವಾಗ ಮುಖಕ್ಕೆ ಹೊಡಿಯೋದು ಝಳ. ಗೋಡೆ, ನೆಲ, ಹಾಸಿಗೆ ಒಳಗೆ ಹಿಡಿದಿಟ್ಕೊಂಡಿರೋದು ಕಾವು. ಹವಾಮಾನ ಇಲಾಖೆ ಹೇಳೋ 36 ಅಂದ್ರೆ ಬಿಳೀ ಬಣ್ಣದ ಜಾಲರಿ ಪೆಟ್ಟಿಗೆ ಒಳಗೆ, ನೆಲದಿಂದ ಮೇಲೆ, ನೆರಳಲ್ಲಿ ಅಳೆದ ಗಾಳಿಯ ಬಿಸಿ ಅಷ್ಟೇ, ಅದರಲ್ಲಿ ಸೆಕೆನೂ ಇಲ್ಲ ಝಳನೂ ಇಲ್ಲ ಕಾವೂ ಇಲ್ಲ. ನಮ್ಮತ್ತೆ ಊರಲ್ಲಿ ಝಳ ಜಾಸ್ತಿ, ಅಕ್ಕನ ಊರಲ್ಲಿ ಸೆಕೆ ಜಾಸ್ತಿ. ನಮ್ಮನೇಲಿ ಅತ್ತೆನ ಎಬ್ಬಿಸಿದ್ದು ಕಾವು, ಬಾಯಲ್ಲಿ ಬಂದಿದ್ದು ಮಾತ್ರ ಶೆಕಿ.

ನಾವಿರೋದು ಮೂರನೇ ಮಹಡಿ, ಮೇಲೆ ಬರೀ ಆರ್‌ಸಿಸಿ ತಾರಸಿ. ರಾತ್ರಿ ಹತ್ತಕ್ಕೆ ಹೊರಗೆ ತಂಗಾಳಿ ಬೀಸ್ತಿದ್ರೂ ಕುರ್ಚಿ ಹತ್ತಿ ಸೀಲಿಂಗ್‌ಗೆ ಕೈ ಇಟ್ರೆ ಇಸ್ತ್ರಿ ಮಾಡಿದ ಬಟ್ಟೆ ಮುಟ್ಟಿದ ಹಾಗೆ ಬೆಚ್ಚಗಿರತ್ತೆ. ಹಗಲಿಡೀ ಹೀರ್ಕೊಂಡ ಬಿಸಿಲನ್ನ ಕಾಂಕ್ರೀಟು ರಾತ್ರಿ ನಮ್ಮ ಮೇಲೆ ಇಳಿಸತ್ತೆ, ಫ್ಯಾನು ಆ ಸೀಲಿಂಗ್ ಪಕ್ಕದ ಬಿಸಿಗಾಳಿನೇ ಕೆಳಗೆ ತಳ್ಳತ್ತೆ. ಅತ್ತೆ ಮನೆ ಹಳೇದು, ಮೊಳ ದಪ್ಪದ ಕಲ್ಲಿನ ಗೋಡೆ, ಸಣ್ಣ ಕಿಟಕಿ, ಶಹಾಬಾದ್ ಕಲ್ಲು ಹಾಸಿದ ನೆಲ, ಹಗಲು ಕಿಟಕಿ ಬಾಗಿಲು ಮುಚ್ಚಿ ಕತ್ತಲು ಮಾಡ್ಕೊಂಡು ಒಳಗಿರ್ತಾರೆ, ಹೊತ್ತು ಮುಳುಗಿದ ಮೇಲೆ ಎಲ್ಲಾ ತೆಗೆದು ಮಾಳಿಗೆ ಮೇಲೆ ಮಲಗ್ತಾರೆ. ಹೊರಗೆ 42 ಇದ್ರೂ ಅವರ ಮೈ 42ನ್ನ ಕಾಣೋದು ಅಪರೂಪ. ಇನ್ನು ಬೆಂಗಳೂರು 920 ಮೀಟರ್ ಎತ್ತರದಲ್ಲಿದೆ, ಅದಕ್ಕೇ ತಂಪು ಊರು ಅಂತೀವಿ, ನಮ್ಮ ತಾತನ ಕಾಲದ ಹಂಚಿನ ಮನೆ, ಎತ್ತರದ ಮಾಡು, ರೆಡ್ ಆಕ್ಸೈಡ್ ನೆಲ ಎಲ್ಲಾ ಹೋಗಿ ಈಗ ಅಂಗೈ ಅಗಲದ ಸೈಟಲ್ಲಿ ಗೋಡೆಗೆ ಗೋಡೆ ತಾಗಿಸಿ ಮೂರು ಮಹಡಿ ಎಬ್ಬಿಸ್ತೀವಿ, ಇಲ್ಲಿ ಸೆಕೆನೇ ಇಲ್ಲ ಅನ್ನೋ ನಂಬಿಕೆ ಮೇಲೆ. 2016ರ ಏಪ್ರಿಲ್ 25ಕ್ಕೆ ಇಲ್ಲಿ 39.2 ಆಗಿದೆ, 2024ರ ಏಪ್ರಿಲ್ ಕೊನೇಲಿ 38.5. ಊರಿನ ಹವೆ ಬದಲಾಯ್ತು, ಮನೆನೂ ಬದಲಾಯ್ತು, ಎರಡೂ ಒಂದಕ್ಕೊಂದು ಉಲ್ಟಾ ದಿಕ್ಕಲ್ಲಿ.

ತಾರಸಿ ಕೆಳಗೆ ಮಲಗೋದು ಬರೀ ನಿದ್ದೆ ವಿಷಯ ಅಲ್ಲ. 2003ರ ಆಗಸ್ಟ್‌ನಲ್ಲಿ ಫ್ರಾನ್ಸಲ್ಲಿ ಬಿಸಿಗಾಳಿಗೆ ಸುಮಾರು 15 ಸಾವಿರ ಜನ ತೀರ್ಕೊಂಡ್ರು, ಬಹಳಷ್ಟು ಜನ ವಯಸ್ಸಾದವರು. ಆಮೇಲೆ ಯಾರು ಸತ್ರು ಯಾರು ಉಳಿದ್ರು ಅಂತ ಹೋಲಿಸಿ ನೋಡಿದಾಗ ಸಿಕ್ಕ ಕಾರಣಗಳಲ್ಲಿ ಒಂದು, ಮೇಲಿನ ಮಹಡಿಯಲ್ಲಿ ಸೂರಿನ ಕೆಳಗೇ ಮಲಗ್ತಿದ್ದಿದ್ದು. ವಯಸ್ಸಾದಂಗೆ ಬೆವರೋದು ಕಮ್ಮಿ ಆಗತ್ತೆ, ಬಾಯಾರಿಕೆನೂ ಸರಿಯಾಗಿ ಗೊತ್ತಾಗಲ್ಲ, ಅದರ ಮೇಲೆ ರಾತ್ರಿನೂ ಮೈ ತಣಿಯದಿದ್ರೆ ಹೃದಯಕ್ಕೆ ಬಿಡುವೇ ಇಲ್ಲ. ಇದನ್ನ ಓದಿದ ದಿನವೇ ಅತ್ತೆ ಹಾಸಿಗೆನ ಆ ರೂಮಿಂದ ತೆಗೆಸಿದೆ.

2022ರ ಜುಲೈ 19ಕ್ಕೆ ಇಂಗ್ಲೆಂಡಿನ ಕೋನಿಂಗ್ಸ್‌ಬಿ ಅನ್ನೋ ಊರಲ್ಲಿ 40.3 ಆಯ್ತು, ಆ ದೇಶದಲ್ಲಿ 40 ದಾಟಿದ್ದು ಅದೇ ಮೊದಲು. ನಮ್ಮ ಕಾಲೇಜು ಗ್ರೂಪಲ್ಲಿ ಅಲ್ಲಿರೋ ಗೆಳೆಯ ಮನೇಲಿ ಇರೋಕಾಗ್ತಿಲ್ಲ ಅಂತ ಬರೆದಾಗ, ರಾಯಚೂರಿನವನೊಬ್ಬ "ಇಷ್ಟಕ್ಕೇ ಸುಸ್ತಾದ್ಯೇನೋ" ಅಂದಿದ್ದ. ಆ ಮಾತು ನಂಗೆ ಆಗಲೂ ಸರಿ ಅನ್ನಿಸ್ಲಿಲ್ಲ, ಈಗಂತೂ ಇಲ್ವೇ ಇಲ್ಲ. ಅವರ ಮನೆ ಕಟ್ಟಿರೋದೇ ಶಾಖ ಹೊರಗೆ ಹೋಗದೆ ಇರ್ಲಿ ಅಂತ, ಸೀಲಿಂಗ್ ಫ್ಯಾನ್ ಹೆಚ್ಚಿನ ಮನೇಲಿ ಇಲ್ಲ, ಜುಲೈಯಲ್ಲಿ ರಾತ್ರಿ ಒಂಬತ್ತರವರೆಗೂ ಬಿಸಿಲಿರತ್ತೆ, ರೈಲು ಹಳಿ ಕೂಡ 27 ಡಿಗ್ರಿಗೆ ಹೊಂದಿಸಿ ಹಾಕಿರೋದು. ಆ ಬೇಸಿಗೆ ಇಂಗ್ಲೆಂಡಲ್ಲಿ ಬಿಸಿಗಾಳಿಯ ದಿನಗಳಲ್ಲಿ ಮಾಮೂಲಿಗಿಂತ ಹೆಚ್ಚಾಗಿ ಸತ್ತವರು ಸುಮಾರು 3 ಸಾವಿರ ಜನ. ಲಂಡನ್ನಲ್ಲಿ ಮೂರು ದಿನ 28 ಆದ್ರೆ ಅದನ್ನ ಬಿಸಿಗಾಳಿ ಅಂತಾರೆ, ನಮ್ಮಲ್ಲಿ 28 ಅಂದ್ರೆ ಸುಖ. ನಮ್ಮ ಹವಾಮಾನ ಇಲಾಖೆಯೂ ಇದನ್ನ ಒಪ್ಪತ್ತೆ, ಬಿಸಿಗಾಳಿ ಅಂತ ಘೋಷಿಸೋಕೆ ಬಯಲು ಸೀಮೆಗೆ 40, ಕರಾವಳಿಗೆ 37, ಬೆಟ್ಟದ ಊರಿಗೆ ಬರೀ 30 ಆದ್ರೆ ಸಾಕು, ಜೊತೆಗೆ ಆ ಊರಿಗೆ ಮಾಮೂಲಿ ಇರೋದಕ್ಕಿಂತ ನಾಲ್ಕೂವರೆ ಡಿಗ್ರಿ ಜಾಸ್ತಿ ಇರಬೇಕು. ಒಂದೇ ದೇಶ, ಮೂರು ಲೆಕ್ಕ.

ಮೈ ಒಗ್ಗಿಕೊಳ್ಳೋದೂ ನಿಜ, ಮಾತಿಗೆ ಹೇಳೋದಲ್ಲ. ದಿನಾ ಬಿಸಿಲಲ್ಲಿ ಸ್ವಲ್ಪ ಸ್ವಲ್ಪ ಕೆಲಸ ಮಾಡ್ತಾ ಬಂದ್ರೆ ಒಂದರಿಂದ ಎರಡು ವಾರದಲ್ಲಿ ರಕ್ತದ ನೀರಿನ ಅಂಶ ಜಾಸ್ತಿ ಆಗತ್ತೆ, ಎದೆ ಬಡಿತ ಇಳಿಯತ್ತೆ, ಬೆವರು ಬೇಗ ಶುರುವಾಗತ್ತೆ, ಜಾಸ್ತಿನೂ ಬರತ್ತೆ, ಆದ್ರೆ ಉಪ್ಪು ಕಮ್ಮಿ ಹೋಗತ್ತೆ. ಕಳೆದ ಶತಮಾನದ ಮೊದಲ ಭಾಗದಲ್ಲೇ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಲ್ಲಿ ಹೊಸ ಕೆಲಸಗಾರರನ್ನ ಹೀಗೆ ಒಗ್ಗಿಸಿ ಆಮೇಲೆ ಕೆಳಗೆ ಇಳಿಸೋ ಪದ್ಧತಿ ಬಂತು (ನಮ್ಮ ಕೋಲಾರದ ಗಣಿನೂ ಮೂರು ಕಿಲೋಮೀಟರಿಗಿಂತ ಆಳ, ಅಲ್ಲಿ ಬಂಡೆನೇ ಸುಡ್ತಿತ್ತು, ತಣ್ಣಗೆ ಮಾಡಿದ ಗಾಳಿ ಕಳಿಸ್ಬೇಕಾಗಿತ್ತು). ಅಮೆರಿಕದಲ್ಲಿ ಸೆಕೆಗೆ ಕೆಲಸದ ಜಾಗದಲ್ಲಿ ಸಾಯೋರಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚು ಜನ ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ಸಾಯ್ತಾರಂತೆ, ಅದಕ್ಕೇ ಮೊದಲ ದಿನ ಐದನೇ ಒಂದು ಭಾಗದಷ್ಟೇ ಹೊತ್ತು ಬಿಸಿಲಿಗೆ ಬಿಡಿ, ದಿನಾ ಅಷ್ಟಷ್ಟೇ ಹೆಚ್ಚಿಸಿ ಅಂತ ಅಲ್ಲಿ ಸಲಹೆ ಕೊಡ್ತಾರೆ. ಈ ಒಗ್ಗಿದ್ದು ಪರ್ಮನೆಂಟ್ ಅಲ್ಲ, ಕೆಲವು ವಾರ ತಣ್ಣಗಿದ್ರೆ ಹೋಗಿಬಿಡತ್ತೆ. ನಾನು ದಿನಕ್ಕೆ ಒಂಬತ್ತು ಗಂಟೆ 22 ಡಿಗ್ರಿ ಏಸಿಯಲ್ಲಿ ಕೂರ್ತೀನಿ, ನನ್ನ ಮೈಗೆ ಏಪ್ರಿಲ್ ಬಂದಿರೋದೇ ಗೊತ್ತಿರಲ್ಲ.

ಮನಸ್ಸೂ ಒಗ್ಗತ್ತೆ. ಅಹಮದಾಬಾದಿನ ಸೆಪ್ಟ್ ಯೂನಿವರ್ಸಿಟಿಯವರು ಬೆಂಗಳೂರು, ಚೆನ್ನೈ, ದೆಹಲಿ, ಶಿಮ್ಲಾ, ಅಹಮದಾಬಾದ್ ಆಫೀಸುಗಳಲ್ಲಿ ಕೆಲಸ ಮಾಡೋರನ್ನ ಕೂತ ಜಾಗದಲ್ಲೇ ಈಗ ಹೇಗನ್ನಿಸ್ತಿದೆ ಅಂತ ಕೇಳಿದ್ರು, 6 ಸಾವಿರಕ್ಕೂ ಹೆಚ್ಚು ಉತ್ತರ ಸಿಕ್ಕಿತು. ಏಸಿ ಇಲ್ಲದ, ಕಿಟಕಿ ತೆಗೆಯೋ ಆಫೀಸಿನವರಿಗೆ ಹಿತ ಅನ್ನಿಸೋ ಬಿಸಿ ಹೊರಗಿನ ಹವೆ ಜೊತೆನೇ ಮೇಲೆ ಕೆಳಗೆ ಆಗ್ತಿತ್ತು, ಸುಮಾರು 19ರಿಂದ 28 ಡಿಗ್ರಿವರೆಗೂ. ಕಿಟಕಿ, ಫ್ಯಾನಿನ ರೆಗ್ಯುಲೇಟರ್ ನಮ್ಮ ಕೈಯಲ್ಲಿದ್ರೆ ಅದೇ ಬಿಸಿ ಸಹಿಸೋಕಾಗತ್ತೆ, ಇದು ನನ್ನ ಸ್ವಂತ ಅನುಭವ ಕೂಡ.

ಕೆಲವು ಊರುಗಳು ಗಂಟೆನೇ ಬದಲಾಯಿಸ್ಕೊಳ್ತಾವೆ. ಸ್ಪೇನಿನವರ ಮಧ್ಯಾಹ್ನದ ನಿದ್ದೆ ಎಲ್ಲರಿಗೂ ಗೊತ್ತು, ಆದ್ರೆ ನಮ್ಮ ಕಲಬುರಗಿ ವಿಭಾಗ, ವಿಜಯಪುರ, ಬಾಗಲಕೋಟೆಯಲ್ಲಿ ಏಪ್ರಿಲ್ ಮೇ ತಿಂಗಳು ಸರ್ಕಾರಿ ಆಫೀಸು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೇ ಮುಗಿಸ್ತಾರೆ ಅನ್ನೋದು ಬೆಂಗಳೂರಿನ ಎಷ್ಟೋ ಜನಕ್ಕೆ ಗೊತ್ತಿಲ್ಲ. ಬಟ್ಟೆ ವಿಷಯದಲ್ಲಂತೂ ಮರುಭೂಮಿಯ ಬೆಡೂಯಿನ್ ಜನ ಕಪ್ಪು ನಿಲುವಂಗಿ ಹಾಕ್ತಾರಲ್ಲ, 1980ರಲ್ಲಿ ವಿಜ್ಞಾನಿಗಳು ಅಳೆದು ನೋಡಿದಾಗ ಕಪ್ಪು ಬಟ್ಟೆ ಜಾಸ್ತಿ ಬಿಸಿ ಹೀರಿದ್ರೂ ಅಂಗಿ ದೊಗಲೆ ಇರೋದ್ರಿಂದ ಅದು ಚರ್ಮ ಮುಟ್ಟೋ ಮೊದಲೇ ಗಾಳಿಗೆ ಹೋಗ್ತಿತ್ತು, ಮೈಗೆ ಬಿಳಿಯಷ್ಟೇ ಬಿಸಿ ಬೀಳ್ತಿತ್ತು.

ನಮ್ಮ ರಸ್ತೆ ಕೊನೇಲಿ ಒಂದು ಅಪಾರ್ಟ್‌ಮೆಂಟ್ ಏಳ್ತಾ ಇದೆ, ಕೆಲಸದವರು ಹೆಚ್ಚಿನವರು ರಾಯಚೂರು, ಯಾದಗಿರಿ ಕಡೆಯವರು. ಬಿಸಿಲು ಅವರಿಗೆ ಹೊಸದಲ್ಲ, ಮೇಸ್ತ್ರಿ ಬೆಳಗ್ಗೆ ಆರಕ್ಕೇ ಕೆಲಸ ಶುರು ಮಾಡಿಸಿ ಮಧ್ಯಾಹ್ನ ಎಲ್ಲರನ್ನೂ ಹೊಂಗೆ ಮರದ ಕೆಳಗೆ ಕೂರಿಸ್ತಾನೆ. ಅವರಿಗೆ ಕಷ್ಟ ಇರೋದು ರಾತ್ರಿ, ತಗಡಿನ ಶೆಡ್ಡಲ್ಲಿ. ಒಂದು ಸಂಜೆ ಕೇಳಿ ಒಪ್ಪಿಗೆ ತಗೊಂಡು ಥರ್ಮಾಮೀಟರ್ ಅಲ್ಲಿ ನೇತುಹಾಕಿದೆ, ಆರು ಗಂಟೆಗೂ 38 ಇತ್ತು, ಹೊರಗೆ ಮರದ ಕೆಳಗೆ 32. ಒಳಗೆ ಒಂದು ಮಗು ಮಲಗಿತ್ತು, ಅದರಮ್ಮ ಒದ್ದೆ ಟವೆಲ್ಲನ್ನ ಹಿಂಡಿ ತೊಟ್ಟಿಲ ಸುತ್ತ ಕಟ್ಟಿದ್ರು. ನಾನು ಪಂಚೆ ಚೂರಲ್ಲಿ ಮಾಡಿದ್ದನ್ನೇ ಅವರೂ ಮಾಡಿದ್ರು, ಥರ್ಮಾಮೀಟರ್ ಬದಲು ಮಗುಗೆ.

ಆ ರಾತ್ರಿ ಮನೆಗೆ ಬಂದಾಗ ಅತ್ತೆ ಹಾಲಲ್ಲಿ ಇರ್ಲಿಲ್ಲ. ವಾಷಿಂಗ್ ಮೆಷಿನ್ನಿಂದ ಬಂದ ನೀರನ್ನ ಬಕೆಟಲ್ಲಿ ಹಿಡಿದು ಮೇಲೆ ತಗೊಂಡು ಹೋಗಿ, ಹೊತ್ತು ಮುಳುಗುವಾಗಲೇ ತಾರಸಿ ಪೂರ್ತಿ ತೋಯಿಸಿದ್ರಂತೆ. ಹತ್ತೂವರೆಗೆ ಥರ್ಮಾಮೀಟರ್ ತಗೊಂಡು ಮೆಟ್ಟಿಲು ಹತ್ತಿದೆ. ರೂಮಲ್ಲಿ 32 ಇದ್ದಿದ್ದು ಮೇಲೆ 27ಕ್ಕೆ ಇಳೀತು, ನೆಲ ಆರಿತ್ತು, ಕಾಲಿಗೆ ತಂಪಾಗಿತ್ತು. ಅತ್ತೆ ನೀರಿನ ಟ್ಯಾಂಕ್ ಪಕ್ಕ ಚಾಪೆ ಹಾಸ್ಕೊಂಡು, ತಲೆ ಹತ್ರ ಒಂದು ತಂಬಿಗೆ ನೀರಿಟ್ಕೊಂಡು, ಆಗ್ಲೇ ನಿದ್ದೆ ಹೋಗಿದ್ರು.