ಗ್ಯಾಸ್ಟ್ರಿಕ್ ಬೈಪಾಸ್: ಆಪರೇಷನ್ ಬೆಂಗಳೂರಲ್ಲಿ, ಬಾಳುವೆ ಮಂಡ್ಯದಲ್ಲಿ

ಮೈಸೂರು, ಮಂಡ್ಯದ ಕಡೆ ತೂಕ ಇಳಿಸುವ ಆಪರೇಷನ್ ಎಂದರೆ ‘ಕೊಬ್ಬು ತೆಗೆಸುವುದು’ ಎಂದುಕೊಂಡವರು ಈಗಲೂ ಬಹಳ. ಚರ್ಮದಡಿಯ ಕೊಬ್ಬನ್ನು ಹೀರುವ ಲೈಪೋಸಕ್ಷನ್, ಜಠರದ ಮುಕ್ಕಾಲು ಪಾಲನ್ನು ಕತ್ತರಿಸಿ ತೆಗೆಯುವ ಸ್ಲೀವ್, ಕೆಲವು ತಿಂಗಳ ಮಟ್ಟಿಗೆ ಹೊಟ್ಟೆಯೊಳಗೆ ಇಡುವ ಬಲೂನು, 2025ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಮೌಂಜಾರೊ, ವೆಗೋವಿ ಇಂಜೆಕ್ಷನ್‌ಗಳು ಎಲ್ಲವೂ ಒಂದರೊಳಗೊಂದು ಕಲಸಿಹೋಗಿವೆ. ಗ್ಯಾಸ್ಟ್ರಿಕ್ ಬೈಪಾಸ್ ಇವುಗಳಲ್ಲಿ ಯಾವುದೂ ಅಲ್ಲ. ಅದು ಕೊಬ್ಬನ್ನು ಮುಟ್ಟುವುದೇ ಇಲ್ಲ. ಉಂಡ ಅನ್ನ ಹೋಗುವ ದಾರಿಯನ್ನು ಬದಲಿಸುತ್ತದೆ.

1954ರಲ್ಲಿ ಅಮೆರಿಕದ ಮಿನ್ನೆಸೋಟದ ಕ್ರೆಮೆನ್ ಮತ್ತು ಲಿನ್ನರ್ ಸಣ್ಣಕರುಳಿನ ಬಹುಭಾಗವನ್ನು ಊಟದ ದಾರಿಯಿಂದ ಆಚೆ ಇಟ್ಟರು. ತೂಕವೇನೋ ಇಳಿಯಿತು. ಜೊತೆಗೇ ನಿಲ್ಲದ ಭೇದಿ, ಮೂತ್ರಪಿಂಡದ ಕಲ್ಲು, ಲಿವರ್ ಹಾನಿ ಬಂದವು. ಆ ವಿಧಾನವನ್ನು ಕೈಬಿಡಬೇಕಾಯಿತು. ಹುಣ್ಣಿಗಾಗಿ ಜಠರದ ಒಂದು ಭಾಗ ತೆಗೆಸಿಕೊಂಡವರ ತೂಕ ಸುಲಭಕ್ಕೆ ಏರುವುದಿಲ್ಲ ಎಂಬುದನ್ನು ಗಮನಿಸಿದ ಐಯೋವದ ಎಡ್ವರ್ಡ್ ಮೇಸನ್, ಚಿಕಾಶಿ ಇಟೊ ಜೊತೆಗೂಡಿ 1966–67ರ ಸುಮಾರಿಗೆ ಜಠರದ ಬೈಪಾಸ್ ಆರಂಭಿಸಿದರು. ಪಿತ್ತರಸ ಮೇಲೇರುವ ತೊಂದರೆಗೆ 1977ರಲ್ಲಿ ವಾರ್ಡ್ ಗ್ರಿಫೆನ್ ಕರುಳನ್ನು ಇಂಗ್ಲಿಷಿನ ವೈ ಆಕಾರದಲ್ಲಿ ಜೋಡಿಸಿ ಪರಿಹಾರ ಕಂಡರು. 1994ರಲ್ಲಿ ವಿಟ್‌ಗ್ರೋವ್ ಮತ್ತು ಕ್ಲಾರ್ಕ್ ಇದನ್ನೇ ಲ್ಯಾಪರೊಸ್ಕೋಪಿಯಲ್ಲಿ, ಅಂದರೆ ಹೊಟ್ಟೆಗೆ ಸಣ್ಣ ರಂಧ್ರ ಮಾಡಿ ಕ್ಯಾಮೆರಾ ಇಳಿಸಿ, ಮಾಡಿದ ವರದಿ ಬಂತು. ಮರುವರ್ಷ, ಆಪರೇಷನ್ ಆದವರಲ್ಲಿ ಹೆಚ್ಚಿನವರ ಸಕ್ಕರೆ ಕಾಯಿಲೆ ಹಿಡಿತಕ್ಕೆ ಬಂದಿದ್ದನ್ನು ವಾಲ್ಟರ್ ಪೋರೀಸ್ ತಂಡ ಪ್ರಕಟಿಸಿತು. ಈ ಶಸ್ತ್ರಚಿಕಿತ್ಸೆಯನ್ನು ನೋಡುವ ಕಣ್ಣು ಬದಲಾದದ್ದು ಅಲ್ಲಿಂದ.

ಈಗ ನಡೆಯುವ ಕ್ರಮ ಹೀಗೆ. ಲಿವರ್ ಕುಗ್ಗಲೆಂದು ಎರಡು ವಾರ ಮೊದಲೇ ಪಿಷ್ಟ ಕಡಿಮೆಯಿರುವ ಪಥ್ಯ. ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿ ಹಿಡಿಯುವ ಸಣ್ಣ ಚೀಲವನ್ನು ಸ್ಟೇಪ್ಲರ್‌ನಿಂದ ಬೇರೆ ಮಾಡುತ್ತಾರೆ. ಉಳಿದ ಜಠರ ಒಳಗೇ ಇರುತ್ತದೆ, ಆದರೆ ಅನ್ನ ಅಲ್ಲಿಗೆ ಹೋಗುವುದಿಲ್ಲ. ಸಣ್ಣಕರುಳನ್ನು ಮೇಲ್ಭಾಗದಲ್ಲಿ ಕತ್ತರಿಸಿ, ಕೆಳತುದಿಯನ್ನು ತಂದು ಚೀಲಕ್ಕೆ ಜೋಡಿಸುತ್ತಾರೆ. ಆ ಜೋಡಣೆಯ ಬಾಯಿ ಒಂದರಿಂದ ಒಂದೂವರೆ ಸೆಂಟಿಮೀಟರ್. ಪಿತ್ತರಸ ಹೊತ್ತ ತುಂಡನ್ನು 100–150 ಸೆಂಟಿಮೀಟರ್ ಕೆಳಗೆ ಸೇರಿಸುತ್ತಾರೆ. ಒಂದೂವರೆ ವರ್ಷದೊಳಗೆ ಒಟ್ಟು ತೂಕದ ಕಾಲು ಭಾಗ, ಕೆಲವರಲ್ಲಿ ಇನ್ನೂ ಹೆಚ್ಚು ಇಳಿಯುತ್ತದೆ.

ಯಾರಿಗೆ ಮಾಡಬಹುದು ಎನ್ನುವಲ್ಲಿ ಎರಡು ಲೆಕ್ಕಗಳಿವೆ. 1991ರ ಅಮೆರಿಕದ ಸೂತ್ರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 40, ಜೊತೆಗೆ ಗಂಭೀರ ಕಾಯಿಲೆಯಿದ್ದರೆ 35 ಎಂದಿತ್ತು. 2022ರ ಅಂತರರಾಷ್ಟ್ರೀಯ ಮಾರ್ಗಸೂಚಿ ಕಾಯಿಲೆ ಇಲ್ಲದಿದ್ದರೂ 35 ಸಾಕೆಂದಿತು, ಏಷ್ಯಾದವರಿಗೆ 27.5ರಿಂದಲೇ ಯೋಚಿಸಬಹುದೆಂದಿತು. ನಮ್ಮ ಆರೋಗ್ಯ ವಿಮೆಯ ಷರತ್ತು ಮಾತ್ರ 40 ಮತ್ತು 35ರಲ್ಲೇ ಇದೆ. 160 ಸೆಂಟಿಮೀಟರ್ ಎತ್ತರ, 95 ಕೆಜಿ ತೂಕದ, ಬೇರೆ ಕಾಯಿಲೆಯಿಲ್ಲದ ವ್ಯಕ್ತಿಗೆ ವೈದ್ಯರು ಆಗಬಹುದು ಎನ್ನುತ್ತಾರೆ, ವಿಮೆ ಆಗದು ಎನ್ನುತ್ತದೆ. ವಿಮೆ ಸಿಕ್ಕಿದರೂ ಅದು ಆಸ್ಪತ್ರೆಯ ಬಿಲ್ಲಿಗೆ. ಆಮೇಲೆ ಬಾಳಿನುದ್ದಕ್ಕೂ ಬೇಕಾದ ಮಾತ್ರೆ, ರಕ್ತಪರೀಕ್ಷೆ ಸಾಮಾನ್ಯವಾಗಿ ಕೈಯಿಂದಲೇ.

ನಿಜವಾದ ಕೆಲಸ ಶುರುವಾಗುವುದು ಆಮೇಲೆಯೇ. ಮೊದಲ ಎರಡು ವಾರ ತಿಳಿಸಾರು, ನೀರು ಮಜ್ಜಿಗೆ, ಬೇಳೆಕಟ್ಟು. ನಂತರ ಮಸೆದದ್ದು, ಆಮೇಲೆ ಮೆತ್ತನೆಯದು. ನಮ್ಮ ಸೀಮೆಯ ಊಟವೇ ಇಲ್ಲಿ ತೊಡಕಾಗುತ್ತದೆ. ಮುದ್ದೆಯನ್ನು ಅಗಿಯುವ ರೂಢಿ ನಮ್ಮಲ್ಲಿಲ್ಲ, ಸಾರಿನಲ್ಲಿ ಅದ್ದಿ ನುಂಗುತ್ತೇವೆ. ಒಂದೂವರೆ ಸೆಂಟಿಮೀಟರ್ ಬಾಯಿಯಲ್ಲಿ ಆ ಅಂಟು ತುತ್ತು ಸಿಕ್ಕಿಕೊಂಡರೆ ಎದೆಯಲ್ಲಿ ಒತ್ತಿದಂತಾಗಿ, ಬಾಯಲ್ಲಿ ನೊರೆ ಬಂದು ವಾಂತಿಯಾಗುತ್ತದೆ. ರಾಗಿ ಬೇಕೆಂದರೆ ಮೊದಲ ತಿಂಗಳುಗಳಲ್ಲಿ ತೆಳು ಅಂಬಲಿಯೇ ಸರಿ. ಊಟದ ಜೊತೆ ನೀರು ಬೇಡ, ಅರ್ಧ ಗಂಟೆ ಬಿಟ್ಟು ಕುಡಿಯಬೇಕು. ಕಬ್ಬಿನ ಹಾಲು, ಮೈಸೂರು ಪಾಕ್ ನೇರ ಕರುಳಿಗೆ ಇಳಿದರೆ ಅರ್ಧ ಗಂಟೆಯೊಳಗೆ ಬೆವರು, ಎದೆಬಡಿತ, ಹೊಟ್ಟೆ ಹಿಂಡಿದಂತಾಗುವುದು; ಕೆಲವರಿಗೆ ಒಂದರಿಂದ ಮೂರು ಗಂಟೆಯ ನಂತರ ಸಕ್ಕರೆ ಕುಸಿದು ತಲೆಸುತ್ತು. ಪ್ರೋಟೀನ್ ದಿನಕ್ಕೆ ಕನಿಷ್ಠ 60 ಗ್ರಾಂ ಬೇಕು. ಎರಡು ಮೊಟ್ಟೆ, ಒಂದು ಬಟ್ಟಲು ಮೊಸರು, ಒಂದು ಬಟ್ಟಲು ಬೆಂದ ಕಾಳು ಸೇರಿಸಿದರೂ ಅದರ ಅರ್ಧಕ್ಕಿಂತ ತುಸು ಹೆಚ್ಚು ಅಷ್ಟೇ. ಹಾಗಾಗಿ ಆರಂಭದಲ್ಲಿ ಪ್ರೋಟೀನ್ ಪುಡಿ ಬೇಕಾಗುತ್ತದೆ.

ಕಬ್ಬಿಣ, ಕ್ಯಾಲ್ಸಿಯಂ ಹೆಚ್ಚಾಗಿ ಹೀರಿಕೊಳ್ಳುವ ಕರುಳಿನ ಮೊದಲ ಭಾಗಕ್ಕೆ ಇನ್ನು ಅನ್ನ ಮುಟ್ಟುವುದಿಲ್ಲ. ಆದ್ದರಿಂದ ಕ್ಯಾಲ್ಸಿಯಂ ಸಿಟ್ರೇಟ್ ದಿನಕ್ಕೆ 1200–1500 ಮಿಗ್ರಾಂ, ಒಮ್ಮೆಗೆ 600 ಮೀರದಂತೆ. ಮುಟ್ಟಾಗುವ ಹೆಣ್ಣುಮಕ್ಕಳಿಗೆ ಕಬ್ಬಿಣ 45–60 ಮಿಗ್ರಾಂ. ಇವೆರಡರ ನಡುವೆ ಎರಡು ಗಂಟೆ ಬಿಡುವು, ಕಬ್ಬಿಣದ ಜೊತೆ ಕಾಫಿ–ಟೀ ಇಲ್ಲ. ಬಿ12 ದಿನವೂ ಮಾತ್ರೆಯಾಗಿ, ಇಲ್ಲವೇ ತಿಂಗಳಿಗೊಮ್ಮೆ 1000 ಮೈಕ್ರೋಗ್ರಾಂ ಇಂಜೆಕ್ಷನ್. ಮೊದಲ ವರ್ಷ ಹುರುಪಿನಿಂದ ನುಂಗಿದವರೂ ತೂಕ ಇಳಿದು ಮೈ ಹಗುರಾದ ಮೇಲೆ ನಿಲ್ಲಿಸಿಬಿಡುತ್ತಾರೆ. ಕೊರತೆ ಹೊರಗೆ ಕಾಣಿಸಿಕೊಳ್ಳಲು ವರ್ಷಗಳು ಹಿಡಿಯಬಹುದು. ತೂಕ ವೇಗವಾಗಿ ಇಳಿಯುವ, ಕೊರತೆ ಕಾಡಬಹುದಾದ ಕಾಲವೆಂದು ಗರ್ಭಧಾರಣೆಯನ್ನು 12–18 ತಿಂಗಳು ಮುಂದೂಡಲು ಹೇಳುತ್ತಾರೆ.

ಬೆಂಗಳೂರಿನಲ್ಲಿ ಆಪರೇಷನ್ ಮಾಡಿಸಿಕೊಂಡವರು ರಾತ್ರಿ ಹೊಟ್ಟೆನೋವೆಂದರೆ ಹೋಗುವುದು ಮದ್ದೂರು, ನಾಗಮಂಗಲ, ಟಿ. ನರಸೀಪುರದ ಹತ್ತಿರದ ಆಸ್ಪತ್ರೆಗೆ. ಯಾವ ಆಪರೇಷನ್, ಯಾವಾಗ ಆಯಿತು ಎಂಬ ಚೀಟಿ ಕೈಯಲ್ಲಿಲ್ಲದಿದ್ದರೆ ಅಲ್ಲಿನ ವೈದ್ಯರಿಗೆ ದಾರಿ ಸಿಗುವುದು ಕಷ್ಟ. ಡಿಸ್ಚಾರ್ಜ್ ಸಾರಾಂಶವನ್ನು ಮೊಬೈಲಿನಲ್ಲಾದರೂ ಇಟ್ಟುಕೊಂಡಿರಬೇಕು. ತೂಕ ಇಳಿದಂತೆ ಕರುಳಿನ ಪೊರೆಯ ಕೊಬ್ಬು ಕರಗಿ, ಕರುಳನ್ನು ಜೋಡಿಸಿದಲ್ಲಿ ಉಳಿದ ಸಂದು ಅಗಲವಾಗುತ್ತದೆ. ಅದರೊಳಗೆ ಕರುಳು ನುಸುಳಿ ಸಿಕ್ಕಿಕೊಳ್ಳಬಹುದು. ಆಪರೇಷನ್ನಿನಲ್ಲೇ ಸಂದುಗಳನ್ನು ಹೊಲಿದರೂ ಅಪಾಯ ಪೂರ್ತಿ ಹೋಗದು. ಉಂಡ ಮೇಲೆ ಬಂದು ಹೋಗುವ ನೋವನ್ನು ಗ್ಯಾಸ್ ಎಂದುಕೊಂಡು ಕೂರಬಾರದು. ಎಕ್ಸ್‌ರೇ ಸರಿಯಾಗಿಯೇ ಕಾಣಬಹುದು; ಸಿಟಿ ಸ್ಕ್ಯಾನ್ ಬೇಕು, ಅದರಲ್ಲೂ ಕಾಣದೆ ನೋವು ಉಳಿದರೆ ಲ್ಯಾಪರೊಸ್ಕೋಪಿಯಲ್ಲಿ ನೋಡಬೇಕು. ಮಂಡಿನೋವಿಗೆ ಮೆಡಿಕಲ್ ಸ್ಟೋರಿನಿಂದ ತಂದು ನುಂಗುವ ಡೈಕ್ಲೊಫೆನಾಕ್, ಜೊತೆಗೆ ಬೀಡಿ–ಸಿಗರೇಟು, ಹೊಸ ಜೋಡಣೆಯಲ್ಲಿ ಹುಣ್ಣು ತರುತ್ತವೆ. ಹುಣ್ಣು ತೂತಾದರೆ ಜೀವಕ್ಕೇ ಸಂಚಕಾರ. ನೋವಿಗೆ ಪ್ಯಾರಾಸಿಟಮಾಲ್ ಕೇಳಬೇಕು.

ಎರಡು ಮೂರು ದಿನ ವಾಂತಿ ನಿಲ್ಲದಿದ್ದರೆ ನಮ್ಮ ಕಡೆ ಮೊದಲು ಮಾಡುವುದು ಗ್ಲೂಕೋಸ್ ಹಾಕಿಸುವುದು. ಬಿ1 ಜೀವಸತ್ವ (ಥಯಮಿನ್) ಬರಿದಾಗಿರುವ ದೇಹಕ್ಕೆ ಬರೀ ಗ್ಲೂಕೋಸ್ ಏರಿಸಿದರೆ ಇದ್ದಬದ್ದದ್ದೂ ಖರ್ಚಾಗಿ, ಕಣ್ಣಿಗೆ ಎಲ್ಲವೂ ಎರಡೆರಡಾಗಿ ಕಾಣುವುದು, ನಡಿಗೆ ತಪ್ಪುವುದು, ಗೊಂದಲ ಶುರುವಾಗಬಹುದು. ತಡವಾದರೆ ಮಿದುಳಿನ ಹಾನಿ ಹಾಗೇ ಉಳಿಯಬಹುದು. ‘ಬೈಪಾಸ್ ಆಗಿದೆ, ಮೊದಲು ಥಯಮಿನ್ ಕೊಡಿ’ ಎಂದು ಜೊತೆಗೆ ಬಂದವರು ಡ್ರಿಪ್ ಹಾಕುವ ಮುನ್ನವೇ ಹೇಳಬೇಕು.