85 ವರ್ಷ ಎಳೆದ ಮೊಟ್ಟೆ ಜಗಳ

ಆಸ್ಟ್ರೇಲಿಯಾದ ಪ್ಲಾಟಿಪಸ್ ಎಂಬ ಪ್ರಾಣಿ ಮೊಟ್ಟೆ ಇಡುತ್ತದೆ, ಮರಿಗೆ ಹಾಲನ್ನೂ ಕೊಡುತ್ತದೆ. ಇದು ಈಗ ಶಾಲೆ ಮಕ್ಕಳಿಗೂ ಗೊತ್ತು. ಆದರೆ ಯುರೋಪಿನ ವಿದ್ವಾಂಸರು ಇಷ್ಟನ್ನು ಒಪ್ಪಿಕೊಳ್ಳಲು 85 ವರ್ಷ ಬೇಕಾಯಿತು.

1798ರಲ್ಲಿ ನ್ಯೂ ಸೌತ್ ವೇಲ್ಸ್ ಗವರ್ನರ್ ಜಾನ್ ಹಂಟರ್ ಒಂದು ಪ್ಲಾಟಿಪಸ್ ಚರ್ಮವನ್ನು ಇಂಗ್ಲೆಂಡಿಗೆ ಕಳಿಸಿದ. ಮರುವರ್ಷ ಬ್ರಿಟಿಷ್ ಮ್ಯೂಸಿಯಂನ ಜಾರ್ಜ್ ಶಾ ಈ ಪ್ರಾಣಿಯ ಬಗ್ಗೆ ಬರೆದ. ಮೈತುಂಬ ತುಪ್ಪಳ, ಮುಖಕ್ಕೆ ಬಾತುಕೋಳಿ ಕೊಕ್ಕು. ಯಾರೋ ಹೊಲಿದು ಕಳಿಸಿದ್ದಾರಾ ಅಂತ ಅವನಿಗೂ ಅನುಮಾನ. ಅದರಲ್ಲಿ ತಪ್ಪೇನಿಲ್ಲ ಬಿಡಿ. ಮಂಗನ ಮೈಗೆ ಮೀನಿನ ಬಾಲ ಹೊಲಿದು ಮತ್ಸ್ಯಕನ್ಯೆ ಅಂತ ಮಾರುತ್ತಿದ್ದ ಕಾಲ ಅದು.

ಅಂದಹಾಗೆ, ಆ ಕೊಕ್ಕು ಬಾತುಕೋಳಿಯದರಷ್ಟು ಗಟ್ಟಿ ಅಲ್ಲ, ರಬ್ಬರಿನಂತೆ ಮೆತ್ತಗೆ. ನೀರಿಗೆ ಮುಳುಗಿದೊಡನೆ ಪ್ಲಾಟಿಪಸ್ ಕಣ್ಣು, ಕಿವಿ, ಮೂಗು ಮೂರನ್ನೂ ಮುಚ್ಚಿಕೊಳ್ಳುತ್ತದೆ. ಅದರ ಬೇಟೆಯಾದ ಸಿಗಡಿ ಮೈ ಕುಣಿಸಿದರೆ ಅದರ ಸ್ನಾಯುಗಳಿಂದ ತೀರಾ ಸಣ್ಣ ವಿದ್ಯುತ್ ಹೊಮ್ಮುತ್ತದೆ. ಅದನ್ನು ಹಿಡಿಯಲು ಕೊಕ್ಕಿನಲ್ಲಿ ಸುಮಾರು 40,000 ಸೂಕ್ಷ್ಮ ಗ್ರಾಹಕಗಳಿವೆ. ಇದು ಬೆಳಕಿಗೆ ಬಂದದ್ದು 1980ರ ದಶಕದಲ್ಲಿ.

ಮೈ ಕೊಯ್ದು ನೋಡಿದವರಿಗೆ ಗೊಂದಲ ಜಾಸ್ತಿಯಾಯಿತು. ಮಲ, ಮೂತ್ರ, ಸಂತಾನ ಎಲ್ಲಕ್ಕೂ ಒಂದೇ ದ್ವಾರ, ಹಕ್ಕಿ, ಹಲ್ಲಿಗಳಲ್ಲಿ ಇರುವಂತೆ. ಹಾಗಾದರೆ ಮೊಟ್ಟೆಯನ್ನೇ ಇಡಬೇಕು, ಇದು ಸಸ್ತನಿಯೇ ಅಲ್ಲ ಎಂದ ಫ್ರಾನ್ಸಿನ ಪ್ರಾಣಿಶಾಸ್ತ್ರಜ್ಞ ಜೆಫ್ರಾ ಸೇಂಟ್-ಇಲೇರ್. 1820ರ ದಶಕದಲ್ಲಿ ಜರ್ಮನಿಯ ಮೆಕೆಲ್ ಹಾಲಿನ ಗ್ರಂಥಿಗಳನ್ನು ತೋರಿಸಿದ. ಮೊಲೆತೊಟ್ಟು ಮಾತ್ರ ಇರಲಿಲ್ಲ. ಅವು ಹಾಲಿನವೇ ಅಲ್ಲ ಅಂತ ಫ್ರೆಂಚ್ ಪಂಡಿತ ಪಟ್ಟು ಹಿಡಿದ. ಲಂಡನ್ನಿನ ರಿಚರ್ಡ್ ಓವೆನ್‌ನದು ಇನ್ನೊಂದು ಹಟ: ಹಾಲು ಹೌದು, ಆದರೆ ಮೊಟ್ಟೆ ತಾಯಿಯ ಹೊಟ್ಟೆಯಲ್ಲೇ ಒಡೆದು ಮರಿಯೇ ಹೊರಬರುತ್ತದೆ. ಇಬ್ಬರದೂ ಅರ್ಧ ಸರಿ. ಪ್ರಾಣಿ ಏನು ಮಾಡುತ್ತದೆ ಅನ್ನುವುದಕ್ಕಿಂತ ಅದನ್ನು ಯಾವ ಖಾನೆಗೆ ಹಾಕಬೇಕು ಅನ್ನುವುದೇ ಅವರಿಗೆ ದೊಡ್ಡದಾಗಿತ್ತು ಅನಿಸುತ್ತದೆ.

ಕೇಳಬೇಕಾದವರನ್ನು ಕೇಳಲೇ ಇಲ್ಲವಾ? ಕೇಳಿದ್ದರು! 1830ರ ದಶಕದಲ್ಲಿ ಓವೆನ್‌ನ ಗೆಳೆಯ ಜಾರ್ಜ್ ಬೆನೆಟ್ ಆಸ್ಟ್ರೇಲಿಯಾದ ನದಿದಂಡೆಗಳಲ್ಲಿ ಬಿಲ ಅಗೆಸಿದ. ಅದು ಮೊಟ್ಟೆ ಇಡುತ್ತದೆ ಅಂತ ಮೂಲನಿವಾಸಿಗಳು ಹೇಳಿದರು. ಅವನು ನಂಬಲಿಲ್ಲ. 1864ರಲ್ಲಿ, ಸೆರೆಯಲ್ಲಿದ್ದ ಪ್ಲಾಟಿಪಸ್ ಎರಡು ಮೊಟ್ಟೆ ಇಟ್ಟಿದೆ ಅಂತ ವಿಕ್ಟೋರಿಯಾದ ವೈದ್ಯರೊಬ್ಬರು ಓವೆನ್‌ಗೆ ಕಾಗದ ಬರೆದರು. ಹೆದರಿಕೆಗೆ ಗರ್ಭಪಾತ ಆಗಿರಬೇಕು ಅಂತ ಅವನು ತಳ್ಳಿಹಾಕಿದ.

ಕೊನೆಗೆ 1884ರಲ್ಲಿ ಕೇಂಬ್ರಿಡ್ಜಿನ ವಿಜ್ಞಾನಿ ವಿಲಿಯಂ ಕಾಲ್ಡ್‌ವೆಲ್ ಕ್ವೀನ್ಸ್‌ಲ್ಯಾಂಡಿನ ಬರ್ನೆಟ್ ನದಿ ಬಳಿ ಬೀಡುಬಿಟ್ಟ. ಪ್ರಾಣಿ ಹುಡುಕಿ ತಂದವರು ಅದೇ ಮೂಲನಿವಾಸಿಗಳು. ಮೊಟ್ಟೆ ಇಡುವ ಇನ್ನೊಂದು ಸಸ್ತನಿ ಎಕಿಡ್ನಾವೂ ಅವನಿಗೆ ಬೇಕಿತ್ತು. ಈ ಶೋಧಕ್ಕೆ ಬಲಿಯಾದ ಪ್ರಾಣಿಗಳ ಲೆಕ್ಕ ದೊಡ್ಡದು. ಆಗಸ್ಟ್‌ನಲ್ಲಿ ಒಂದು ಹೆಣ್ಣು ಪ್ಲಾಟಿಪಸ್‌ಗೆ ಗುಂಡು ಹೊಡೆದ. ಒಂದು ಮೊಟ್ಟೆ ಆಗಲೇ ಇಟ್ಟಾಗಿತ್ತು. ಇನ್ನೊಂದು ಗರ್ಭಕೋಶದ ಬಾಯಲ್ಲಿತ್ತು. ಈ ಸುದ್ದಿ ಹೊತ್ತ ನಾಲ್ಕೇ ಪದಗಳ ತಂತಿ ಸಂದೇಶ ಕೆನಡಾದ ಮಾಂಟ್ರಿಯಲ್‌ನ ವಿಜ್ಞಾನಿಗಳ ಸಭೆಗೆ ಹೋಯಿತು. ಸೆಪ್ಟೆಂಬರ್ 2ರಂದು ಅಲ್ಲಿ ಅದನ್ನು ಓದಿದರು. ಅದೇ ದಿನ ಅಡಿಲೇಡ್‌ನಲ್ಲಿ ವಿಲ್ಹೆಲ್ಮ್ ಹಾಕೆ ಎಂಬಾತ ಎಕಿಡ್ನಾದ ಮೊಟ್ಟೆ ತೋರಿಸುತ್ತಿದ್ದ.

ತಾಯಿ ಪ್ಲಾಟಿಪಸ್ ಸಾಮಾನ್ಯವಾಗಿ ಎರಡು ಮೊಟ್ಟೆ ಇಡುತ್ತದೆ. ಸಿಪ್ಪೆ ತೊಗಲಿನಂತೆ ಮೆತ್ತಗೆ, ಉದ್ದ ಒಂದೂಮುಕ್ಕಾಲು ಸೆಂಟಿಮೀಟರ್ ಆಸುಪಾಸು. ಬಾಲವನ್ನು ಹೊಟ್ಟೆಗೆ ಮಡಚಿ, ನಡುವೆ ಮೊಟ್ಟೆ ಇಟ್ಟುಕೊಂಡು ಸುಮಾರು ಹತ್ತು ದಿನ ಕಾವು ಕೊಡುತ್ತದೆ. ಹಾಲು ಹೊಟ್ಟೆಯ ಚರ್ಮದಿಂದ ಜಿನುಗುತ್ತದೆ, ಮರಿಗಳು ತುಪ್ಪಳದಿಂದಲೇ ಹೀರುತ್ತವೆ. ತೆರೆದ ಮೈಮೇಲಿನ ಹಾಲಿಗೆ ಬ್ಯಾಕ್ಟೀರಿಯಾ ಸೇರುವುದು ಸುಲಭ ಅಲ್ವಾ? ಆ ಹಾಲಿನಲ್ಲಿ ಬ್ಯಾಕ್ಟೀರಿಯಾ ಕೊಲ್ಲುವ ಪ್ರೋಟೀನ್ ಇದೆ. 2008ರಲ್ಲಿ ಪ್ಲಾಟಿಪಸ್‌ನ ಜೀನೋಮ್, ಅಂದರೆ ಅದರ ಇಡೀ ಡಿಎನ್‌ಎ ಓದಿದಾಗ ಹಾಲಿನ ಪ್ರೋಟೀನ್ ಆದ ಕೇಸಿನ್‌ನ ಜೀನ್‌ಗಳು ಸಿಕ್ಕವು. ಮೊಟ್ಟೆಯ ಹಳದಿಗೆ ಬೇಕಾದ ಜೀನ್ ಕೋಳಿಯಲ್ಲಿ ಮೂರಿದ್ದರೆ, ಪ್ಲಾಟಿಪಸ್‌ನಲ್ಲಿ ಕೆಲಸ ಮಾಡುವಂಥದ್ದು ಒಂದು ಉಳಿದಿದೆ.